ಇತರೆ, ವಿವರಿಸಿ

ಮಲಾವಿಯಲ್ಲಿ, ಚಿಲ್ವಾ ಸರೋವರದ ಬಡಗಣ ದಂಡೆಯಲ್ಲಿ
ಬಡತನ ಎಣಿಸುವುದು ನನ್ನ ಕೆಲಸ.
ದಿನಗೂಲಿ, ಮೇಲೆ ಸೈಕಲ್ ಭತ್ಯೆ.
ನೂರ ಹನ್ನೆರಡು ಪ್ರಶ್ನೆಗಳ ಒಂದು ಟ್ಯಾಬ್ಲೆಟ್,
ತೊಡೆಯ ಮೇಲಿಟ್ಟರೆ ಬೆಚ್ಚಗಾಗುತ್ತದೆ, ಸಾಕಿದ ಬೆಕ್ಕಿನ ಹಾಗೆ.

ಫಲೇಸಿ ನಮಕ್ವಾ ಚಾಪೆ ಹಾಸಿದಳು.
ಮನೆಯಲ್ಲಿದ್ದದ್ದು ಅದೊಂದೇ.
ಹನ್ನೊಂದನೆಯ ಪ್ರಶ್ನೆಗೆ ಕೇಳುವ ಮೊದಲೇ ಉತ್ತರ.
ಮಾಡು: ಹುಲ್ಲು.
ನೆಲ: ಮಣ್ಣು.
ನಿನ್ನೆ ಎಷ್ಟು ಹೊತ್ತು ಊಟ?
ಅವಳು ಮಗನತ್ತ ನೋಡಿದಳು, ಅವನು ಹೊಸಿಲಿನತ್ತ.
'ಬೇಯಿಸಿದ ಮಾವಿನಕಾಯಿ ಊಟವೋ ಅಲ್ಲವೋ, ನೀನೇ ಹೇಳು.'
ತರಬೇತಿಯಲ್ಲಿ ಮಾವಿನಕಾಯಿಯ ಸುದ್ದಿ ಬಂದಿರಲಿಲ್ಲ.

ಜನವರಿ. ಮಳೆ ಚೆನ್ನಾಗಿಯೇ ಬಿದ್ದಿತ್ತು.
ಕಣ್ಣು ಹಾಯುವವರೆಗೂ ಸೊಂಟದೆತ್ತರದ ಮೆಕ್ಕೆಜೋಳ,
ತಿನ್ನಲು ಒಂದು ಕಾಳಿಲ್ಲ.
ಈ ಸೀಮೆಯಲ್ಲಿ ಹಸಿವಿನ ಬಣ್ಣ ಹಸಿರು.

ನಿಮ್ಮ ಹೊಲ ಯಾವುದು, ಎಂದೆ.
ತೋರಿಸಿದಳು. ಪೈರಿಗಿಂತ ಕಳೆ ಒಂದು ಗೇಣು ಮೇಲೆ.
ಎದುರಿಗೆ ಬ್ವನಾಲಿಯವರ ಹೊಲ, ಬಾಚಿದ ತಲೆಯಂತೆ ಅಚ್ಚುಕಟ್ಟು.
'ಅಲ್ಲಿ ಕಳೆ ತೆಗೆದವಳೂ ನಾನೇ.
ಅವರ ಹೊಲ ಸಂಜೆಗೇ ಹಿಟ್ಟು ಕೊಡುತ್ತದೆ,
ನನ್ನದು ಏಪ್ರಿಲ್‌ಗೆ.
ಏಪ್ರಿಲ್ ತನಕ ಕಾಯಿರಿ ಅಂತ ಮಕ್ಕಳ ಹೊಟ್ಟೆಗೆ ಹೇಳಲೇ?'

ಇವರು ಮೈಗಳ್ಳರು ಎಂಬ ಮಾತನ್ನು
ಜೊಂಬಾದ ಕಚೇರಿಯಲ್ಲಿ
ಚಹಾ ಕುಡಿಯುತ್ತ ನಾನೂ ಆಡಿದವನು.

ಆ ವರ್ಷ ಕಚೇರಿಯಲ್ಲಿ ದೊಡ್ಡ ಚರ್ಚೆ.
ಆಡು ಕೊಡೋಣ ಎಂದರು ಒಬ್ಬರು,
ತರಬೇತಿ ಎಂದರು ಇನ್ನೊಬ್ಬರು,
ಕೈಗೆ ಕಾಸು ಕೊಟ್ಟರೆ ಕುಡಿದುಬಿಡುತ್ತಾರೆ ಎಂದರು ಮೂರನೆಯವರು,
ಲೋಟದ ತಳದ ಸಕ್ಕರೆ ಕಲಕುತ್ತ.
ತಿಂಗಳು ಕೊಡಿ ಎನ್ನಬೇಕೆನ್ನಿಸಿತು ನನಗೆ.
ನವೆಂಬರ್ ಕೊಡಿ, ಡಿಸೆಂಬರ್ ಕೊಡಿ,
ಜನವರಿಯಲ್ಲಿ ಅವಳ ಎರಡು ಕೈಗಳನ್ನು ಅವಳಿಗೇ ವಾಪಸು ಕೊಡಿ.
ಅನ್ನಲಿಲ್ಲ. ನಾನು ದಿನಗೂಲಿ.

ಹಾಗೂ ಹೀಗೂ ಹಣವೇ ಗೆದ್ದಿತು.
ಷರತ್ತಿಲ್ಲದೆ, ನವೆಂಬರ್ ಮೊದಲ ವಾರ, ಅವಳ ಫೋನಿಗೆ.

ಮರುವರ್ಷ ಮತ್ತೆ ಅದೇ ಚಾಪೆ, ಅದೇ ಜನವರಿ.
ಹಣ ಏನು ಮಾಡಿದಿರಿ? ಪ್ರಶ್ನೆ ಐವತ್ತೆಂಟು.
ಎರಡು ಮೂಟೆ ಜೋಳ, ಬೆಲೆ ಏರುವ ಮುಂಚೆ.
ಒಂದು ಚೀಲ ಗೊಬ್ಬರ, ಬುಡಬುಡಕ್ಕೆ ಬಾಟಲಿಯ ಮುಚ್ಚಳದಲ್ಲಿ ಅಳೆದು.
ಅತ್ತೆಯ ಕಡ.
ಒಂದು ಆಡು. ಸತ್ತಿತು.
ಹತ್ತು ತಗಡು. ಸಾಲಲಿಲ್ಲ.
ಅರ್ಧ ಮಾಡು ಹೊಳೆಯುತ್ತದೆ, ಅರ್ಧ ಇನ್ನೂ ಗೆದ್ದಲಿಗೆ ಮೀಸಲು.
ಹೊಳೆಯುವ ಕಡೆಯ ಸೂರಿನಡಿ ಒಂದು ಡ್ರಮ್ಮು,
ನೀರಿಗೆ ಹೋಗುತ್ತಿದ್ದ ಮಗಳು ಡ್ರಮ್ಮಿಗೆ ಒರಗಿ ಗಣಿತ ಬರೆಯುತ್ತಿದ್ದಳು,
ತಪ್ಪು ತಪ್ಪಾಗಿ.
ಮತ್ತೆ ಒಂದು ಬೀಗ.

ಬೀಗ ಯಾಕೆ?
ನಕ್ಕಳು, ಮೊದಲ ಸಲ.
'ಒಳಗೆ ಈಗ ಏನೋ ಇದೆಯಲ್ಲ.'

ನನ್ನ ಪಟ್ಟಿಯಲ್ಲಿ ಬೀಗಕ್ಕೆ ಸಂಖ್ಯೆಯಿಲ್ಲ.
ಕಟ್ಟಕಡೆಗೆ ಇರುತ್ತದೆ ಒಂದು ಗೆರೆ:
ಇತರೆ, ವಿವರಿಸಿ.
ಎರಡು ಬೆರಳಿನಷ್ಟು ಜಾಗ.

ಬ್ವನಾಲಿಯವರು ದಾರಿಯಲ್ಲಿ ನಿಲ್ಲಿಸಿ ಬೈದಿದ್ದರು:
ಕಳೆಗೆ ಆಳು ಸಿಗುತ್ತಿಲ್ಲ, ಕೂಲಿ ಒಂದೂವರೆ ಪಟ್ಟು.
ಅದನ್ನು ಲಾಭದಲ್ಲಿ ಬರೆಯಲೋ ನಷ್ಟದಲ್ಲೋ?
ಅವರೂ ಸಾಹುಕಾರರೇನಲ್ಲ, ಅವರ ಮಾಡಿಗೂ ಹುಲ್ಲೇ.
ಉತ್ತರದ ಕರೊಂಗಾದಲ್ಲಿ ನನ್ನ ತಂಗಿ
ಈ ಹೊತ್ತು ಯಾರ ಹೊಲದಲ್ಲಿ ಬಗ್ಗಿದ್ದಾಳೋ.
ಅವಳ ಹಳ್ಳಿ ಈ ಸಲದ ಪಟ್ಟಿಯಲ್ಲಿಲ್ಲ.

ಅರವತ್ತಮೂರನೆಯ ಪ್ರಶ್ನೆಗೆ ಫಲೇಸಿ ಎದ್ದಳು,
ಸೆರಗಿನಂತೆ ಬಟ್ಟೆ ಬಿಗಿದು ಗುದ್ದಲಿ ಹೆಗಲಿಗಿಟ್ಟಳು.
'ಇನ್ನೂ ಎಷ್ಟಿದೆ?'
ನಲವತ್ತೊಂಬತ್ತು.
'ಹಾಗಾದರೆ ನಡೆಯುತ್ತ ಕೇಳು, ಲುಸುಂಗು.
ಬಿಸಿಲೇರಿದರೆ ನನ್ನ ಹೊಲದ ಕಳೆ ಬೇರು ಬಿಡುವುದಿಲ್ಲ.'

ಬೀಗ ಜಗ್ಗಿ ನೋಡಿ ಮುಂದೆ ನಡೆದಳು.
ನಾನು ಹಿಂದೆ, ಕೈಯಲ್ಲಿ ಟ್ಯಾಬ್ಲೆಟ್.
ಆ ಬೆಳಕಿನಲ್ಲಿ ಪರದೆಯ ಮೇಲೆ
ಒಂದಕ್ಷರವೂ ಕಾಣುತ್ತಿರಲಿಲ್ಲ.